ಓದುಗರ ಪ್ರಶ್ನೆ: 2000ದ ದಶಕದ ಕನ್ನಡ ಸಿನಿಮಾ ಮತ್ತೆ ನೋಡಬೇಕು, ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: 2000ದಿಂದ 2009ರವರೆಗಿನ ಕನ್ನಡ ಸಿನಿಮಾಗಳನ್ನು ಮನೆಯವರೆಲ್ಲ ಒಟ್ಟಿಗೆ ಕೂತು ನೋಡೋಣ ಅಂತ ಆಸೆ. ಆದರೆ ಆಗ ಮೂರು ಸಲ ಥಿಯೇಟರಿಗೆ ಹೋಗಿ ನೋಡಿದ ಸಿನಿಮಾವನ್ನೇ ಮೊನ್ನೆ ಹಾಕಿದರೆ ಅರ್ಧಗಂಟೆಗೆಲ್ಲ ಒಬ್ಬೊಬ್ಬರಾಗಿ ಮೊಬೈಲ್ ಹಿಡಿದರು. ಈಗಲೂ ನೋಡಿಸಿಕೊಂಡು ಹೋಗುವಂಥವು ಯಾವುವು? ಯಾವ ಕ್ರಮದಲ್ಲಿ ನೋಡಬೇಕು?

ಉತ್ತರ: ಅವಸರದಲ್ಲಿದ್ದರೆ ಇಷ್ಟು ಸಾಕು. ಮೊದಲು ‘ಆಪ್ತಮಿತ್ರ’, ಆಮೇಲೆ ‘ಮಿಲನ’, ಮೂರನೆಯದಾಗಿ ‘ಮುಂಗಾರು ಮಳೆ’. ಮಕ್ಕಳು ಮಲಗಿದ ಮೇಲೆ ಒಂದು ರಾತ್ರಿ ‘ದುನಿಯಾ’. ಪ್ರಿಂಟ್ ಸರಿ ಇಲ್ಲದಿದ್ದರೆ ಇವುಗಳಲ್ಲಿ ಯಾವುದನ್ನೂ ಹಾಕಬೇಡಿ. ಈ ಕ್ರಮ ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆ ಹತ್ತು ವರ್ಷದ ಸಿನಿಮಾಗಳ ವಿಷಯದಲ್ಲಿ ನೆನಪು ನಮಗೆ ಚೆನ್ನಾಗಿಯೇ ಟೋಪಿ ಹಾಕುತ್ತದೆ. ಸಿನಿಮಾ ನೋಡಿದ್ದು ಒಂದು ಸಲವೋ ಎರಡು ಸಲವೋ. ಹಾಡು ಕೇಳಿದ್ದಕ್ಕೆ ಲೆಕ್ಕವೇ ಇಲ್ಲ. ಕ್ಯಾಸೆಟ್ ಹೋಗಿ ಸೀಡಿ ಬಂತು, ಸೀಡಿ ಹೋಗಿ ಎಂಪಿ3 ಬಂತು. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಶುರುವಾಯಿತು. ಅದೇ ಹಾಡು ಬಸ್ಸಿನಲ್ಲಿ, ಗಣೇಶನ ಪೆಂಡಾಲಿನಲ್ಲಿ, ಮೊಬೈಲಿನ ಕಾಲರ್ ಟ್ಯೂನಿನಲ್ಲಿ. ಹೀಗಾಗಿ ‘ಎಂಥಾ ಸಿನಿಮಾ ಅದು!’ ಎಂದು ನಾವು ಹೇಳುವಾಗ ಎಷ್ಟೋ ಸಲ ಮನಸ್ಸಿನಲ್ಲಿರುವುದು ಆರು ಹಾಡು ಮಾತ್ರ. ನಡುವಿನ ಎರಡು ಗಂಟೆ ಏನಿತ್ತು ಅನ್ನುವುದು ಅಳಿಸಿಹೋಗಿರುತ್ತದೆ, ಕೆಲವು ಸಲ ಅಳಿಸಿಹೋಗಿದ್ದೇ ಒಳ್ಳೆಯದಾಗಿರುತ್ತದೆ.

ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಸಿನಿಮಾ ಹಾಕುವ ಮೊದಲು, ಅದರಲ್ಲಿ ಯಾರೂ ಹಾಡದೇ ಇರುವ ಮೂರು ದೃಶ್ಯಗಳನ್ನು ನೆನಪಿಸಿಕೊಳ್ಳಿ. ಫೈಟ್ ಲೆಕ್ಕಕ್ಕಿಲ್ಲ. ಎಲ್ಲರ ಬಾಯಲ್ಲಿ ಓಡಾಡಿದ ಡೈಲಾಗೂ ಲೆಕ್ಕಕ್ಕಿಲ್ಲ, ಅದನ್ನು ಟಿ.ವಿ. ಮತ್ತು ಮೀಮ್‌ಗಳು ನೆನಪಿಟ್ಟುಕೊಂಡಿವೆ, ನೀವಲ್ಲ. ಮೂರೂ ನೆನಪಾದರೆ ಸಿನಿಮಾ ಹಾಕಿ. ಒಂದೂ ನೆನಪಾಗದಿದ್ದರೆ ಹಾಡುಗಳನ್ನಷ್ಟೇ ಹಾಕಿಕೊಂಡು ಅರ್ಧಗಂಟೆ ಸುಖವಾಗಿ ಕೇಳಿ. ಮಧುರ ನೆನಪು ಕೆಡುವುದಿಲ್ಲ, ಮನೆಯವರ ಸಂಜೆಯೂ ಕೆಡುವುದಿಲ್ಲ.

‘ಆಪ್ತಮಿತ್ರ’ ಈ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತದೆ. ಹಳೇ ಬಂಗಲೆ, ಬೀಗ ಹಾಕಿದ ಕೋಣೆ, ಅವಿನಾಶ್ ಅವರ ಆಚಾರ್ಯ, ವಿಷ್ಣುವರ್ಧನ್ ಅವರ ಮನೋವೈದ್ಯ, ಹಾಡಿಲ್ಲದೆಯೂ ಎಲ್ಲ ಕಣ್ಣಮುಂದೆ ಬರುತ್ತವೆ. ಮೊದಲು ಇದನ್ನೇ ಹಾಕಿ ಅನ್ನುವುದಕ್ಕೆ ಕಾರಣ, ಇದರಲ್ಲಿ ಕಥೆಯೇ ಮುಂದೆ ಎಳೆದುಕೊಂಡು ಹೋಗುತ್ತದೆ. ಹತ್ತು ವರ್ಷದ ಮಗುವಿಗೂ ‘ಆ ಕೋಣೆಯಲ್ಲಿ ಏನಿದೆ’ ಅನ್ನುವ ಪ್ರಶ್ನೆ ಸಾಕು. 2004ರ ಏಪ್ರಿಲ್‌ನಲ್ಲಿ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಸಿನಿಮಾ ತೆರೆಕಂಡದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಅದು ಗೊತ್ತಿದ್ದು ನೋಡುವವರಿಗೆ ಕೊನೆಯ ಅರ್ಧಗಂಟೆಯ ನೃತ್ಯ ಬೇರೆಯೇ ರೀತಿ ತಟ್ಟುತ್ತದೆ.

ಒಂದು ಎಚ್ಚರಿಕೆ ಇದೆ. ಇದು 1993ರ ಮಲಯಾಳಂ ‘ಮಣಿಚಿತ್ರತಾಳ್’ ಕಥೆ. ಕನ್ನಡದಲ್ಲಿ ಮಾಡಿದ ಪಿ. ವಾಸು ಅವರೇ 2005ರಲ್ಲಿ ತಮಿಳಿನಲ್ಲಿ ‘ಚಂದ್ರಮುಖಿ’ ಮಾಡಿದರು. 2007ರಲ್ಲಿ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ಬಂತು. ಮನೆಯಲ್ಲಿ ಯಾರಾದರೂ ಈ ಮೂರರಲ್ಲಿ ಒಂದನ್ನು ನೋಡಿದ್ದರೆ ಗುಟ್ಟು ರಟ್ಟಾದಂತೆಯೇ, ಅವರ ಬಾಯಿಗೆ ಮೊದಲೇ ಬೀಗ ಹಾಕಿಸಿ. ಎಲ್ಲರೂ ನೋಡಿದ್ದಾರಾದರೆ ಇದನ್ನು ಬಿಟ್ಟು ‘ಮಿಲನ’ದಿಂದಲೇ ಶುರು ಮಾಡುವುದು ಜಾಣತನ.

ಆ ದಶಕದಲ್ಲಿ ರೀಮೇಕ್ ಎಷ್ಟಿತ್ತೆಂದರೆ ಪಟ್ಟಿ ಮಾಡುವಾಗ ಇದನ್ನು ನೋಡಿಕೊಳ್ಳಲೇಬೇಕು. ‘ಯಜಮಾನ’, ‘ಹುಚ್ಚ’, ‘ಮೈ ಆಟೋಗ್ರಾಫ್’, ‘ಚೆಲುವಿನ ಚಿತ್ತಾರ’ ಎಲ್ಲವೂ ತಮಿಳಿನಿಂದ ಬಂದವು. ರೀಮೇಕ್ ಅಂದಮಾತ್ರಕ್ಕೆ ಕಳಪೆ ಅಂತೇನಿಲ್ಲ. 2005ರ ‘ರಾಮ ಶಾಮ ಭಾಮ’ ಕೂಡ ‘ಸತಿ ಲೀಲಾವತಿ’ಯ ರೀಮೇಕೇ, ಆದರೆ ಕಮಲಹಾಸನ್ ಬಾಯಲ್ಲಿ ಹುಬ್ಬಳ್ಳಿ ಕಡೆಯ ಕನ್ನಡ ಕೇಳುವ ಮಜಾ ಮೂಲದಲ್ಲಿ ಎಲ್ಲಿಂದ ಬರಬೇಕು? ನಗಿಸುವ ಸಿನಿಮಾ ಬೇಕು ಅನ್ನುವ ಮನೆಗೆ ನಮ್ಮ ಶಿಫಾರಸು ಇದೇ. ಇನ್ನು, ನಾವು ಬರೀ ತಂದುಕೊಂಡೆವು ಅಂದುಕೊಳ್ಳಬೇಡಿ. ಪುನೀತ್ ನಾಯಕನಾಗಿ ಬಂದ ಮೊದಲ ಸಿನಿಮಾ ‘ಅಪ್ಪು’ ಮೊದಲು ಬಂದದ್ದು ಕನ್ನಡದಲ್ಲಿ. ಅದೇ 2002ರಲ್ಲಿ ಪುರಿ ಜಗನ್ನಾಥ್ ಅದನ್ನು ತೆಲುಗಿಗೆ ‘ಈಡಿಯಟ್’ ಆಗಿ ಕೊಂಡೊಯ್ದರು.

‘ಮಿಲನ’ಕ್ಕೆ ಎರಡನೇ ಸ್ಥಾನ ಕೊಟ್ಟದ್ದು ಪುನೀತ್ ಅವರಿಗಾಗಿ, ಅದರಲ್ಲಿ ಮುಚ್ಚುಮರೆ ಏನಿಲ್ಲ. 2007ರ ಸಿನಿಮಾ, ಪ್ರಕಾಶ್ ನಿರ್ದೇಶನ. ಮದುವೆಯಾದ ರಾತ್ರಿಯೇ ಹೆಂಡತಿ ವಿಚ್ಛೇದನ ಕೇಳುತ್ತಾಳೆ. ಗಂಡ ಎಫ್‌ಎಂನಲ್ಲಿ ಆರ್‌ಜೆ. ಆ ಕೆಲಸವೇ ಈಗ ಒಂದು ಕಾಲದ ಗುರುತಿನ ಹಾಗೆ ಕಾಣುತ್ತದೆ. ಪುನೀತ್ ಇಲ್ಲಿ ಕೂಗಾಡುವುದಿಲ್ಲ, ಎದುರಿನವರ ಮಾತು ಮುಗಿಯುವವರೆಗೆ ಕಾಯುತ್ತಾರೆ. ಪಾರ್ವತಿಯವರ ಪಾತ್ರಕ್ಕೂ ತನ್ನದೇ ಮನಸ್ಸಿದೆ. ಆ ಕಾಲದ ಬಹಳ ಸಿನಿಮಾಗಳಲ್ಲಿ ನಾಯಕಿಗೆ ಅದು ಇರಲಿಲ್ಲ. ‘ಅಪ್ಪು’ ಹಾಕಿದರೆ ಥಿಯೇಟರಿನ ಶಿಳ್ಳೆಯ ನೆನಪು ಬರುತ್ತದೆ ನಿಜ, ಆದರೆ ಅದರ ನಾಯಕ ಹುಡುಗಿಯ ಹಿಂದೆ ಬೀಳುವ ರೀತಿಯನ್ನು ಇವತ್ತಿನ ಹದಿನೈದರ ಹುಡುಗಿ ಪಕ್ಕದಲ್ಲಿ ಕೂತು ನೋಡಿದರೆ ಪ್ರಶ್ನೆ ಕೇಳಿಯೇ ಕೇಳುತ್ತಾಳೆ. ಉತ್ತರ ರೆಡಿ ಇಟ್ಟುಕೊಳ್ಳಿ.

ಈ ಮಾತು ‘ಅಪ್ಪು’ಗೊಂದಕ್ಕೇ ಅಲ್ಲ. ಬೇಡ ಅಂದ ಹುಡುಗಿಯನ್ನು ಬೆನ್ನು ಹತ್ತುವುದು, ದಪ್ಪಗಿರುವವರನ್ನೋ ಕಪ್ಪಗಿರುವವರನ್ನೋ ಗೇಲಿ ಮಾಡುವ ಕಾಮಿಡಿ ಟ್ರ್ಯಾಕು, ಇವು ಆ ದಶಕದ ಸಿನಿಮಾಗಳಲ್ಲಿ ಉಪ್ಪಿನ ಹಾಗೆ ಬೆರೆತಿವೆ. ‘ಚೆಲುವಿನ ಚಿತ್ತಾರ’ದ ಹಾಡು ಎಷ್ಟೇ ಇಷ್ಟವಾದರೂ ಅದರ ನಾಯಕಿ ಇನ್ನೂ ಶಾಲೆಗೆ ಹೋಗುವ ಹುಡುಗಿ ಅನ್ನುವುದನ್ನು ಈಗ ಕಣ್ಣುಮುಚ್ಚಿಕೊಂಡು ನೋಡುವುದು ಕಷ್ಟ. ಗುರುಪ್ರಸಾದ್–ಜಗ್ಗೇಶ್ ಜೋಡಿಯ ‘ಮಠ’ ಮತ್ತು ‘ಎದ್ದೇಳು ಮಂಜುನಾಥ’ದ ಮಾತುಗಾರಿಕೆ ಇವತ್ತಿಗೂ ಮೊನಚಾಗಿದೆ. ಎರಡರ್ಥದ ಮಾತೂ ಧಾರಾಳ, ಅವನ್ನು ದೊಡ್ಡವರ ರಾತ್ರಿಗೆ ಇಡಿ.

ಇನ್ನು ‘ಮುಂಗಾರು ಮಳೆ’. ಇದನ್ನೇ ಮೊದಲು ಹಾಕಬೇಡಿ ಎಂದು ನಾವು ಹೇಳುವುದು ಸಿನಿಮಾ ಚೆನ್ನಾಗಿಲ್ಲ ಅಂತ ಅಲ್ಲ. ನಿರೀಕ್ಷೆ ಅತಿಯಾಗಿರುತ್ತದೆ, ಅದಕ್ಕೆ. 2006ರ ಕೊನೆಯ ವಾರ ತೆರೆಕಂಡ ಸಿನಿಮಾ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷ ದಾಟಿ ಓಡಿತು. ಆಮೇಲೆ ಬಂದ ಇಪ್ಪತ್ತು ಸಿನಿಮಾಗಳು ಇದರ ಮಳೆ, ಇದರ ಮಾತು, ಇದರ ವಿರಹ ಎಲ್ಲವನ್ನೂ ನಕಲು ಹೊಡೆದವು. ನಕಲುಗಳನ್ನು ನೋಡಿ ಬೆಳೆದ ಹುಡುಗರಿಗೆ ಮೂಲವೇ ನಕಲಿನ ಹಾಗೆ ಕಾಣುವ ಅಪಾಯ ಇದೆ. ಎರಡು ಸಿನಿಮಾ ನೋಡಿ ಆ ಕಾಲದ ವೇಗ, ಬಣ್ಣ, ಮಾತಿನ ಧಾಟಿಗೆ ಕಣ್ಣು–ಕಿವಿ ಒಗ್ಗಿದ ಮೇಲೆ ಹಾಕಿದರೆ ಇದರಲ್ಲಿ ಹೊಸದೇನಿತ್ತು ಅಂತ ತಾನಾಗಿಯೇ ಗೊತ್ತಾಗುತ್ತದೆ.

ಆರಂಭವನ್ನೇ ನೋಡಿ. ನಾಯಕ ಬರುವುದು ಯಾರನ್ನೋ ಹೊಡೆಯುವುದಕ್ಕಲ್ಲ. ಗಾಳಿ–ಮಳೆಯಲ್ಲಿ ಒಬ್ಬ ಹುಡುಗಿಯನ್ನು ನೋಡುತ್ತ ನೋಡುತ್ತ ತೆರೆದ ಮ್ಯಾನ್‌ಹೋಲಿಗೆ ಬೀಳುತ್ತಾನೆ, ಅವಳೇ ಅವನನ್ನು ಮೇಲೆತ್ತಬೇಕು. ಅದಕ್ಕೂ ಹಿಂದಿನ ಐದಾರು ವರ್ಷ ಲಾಂಗು, ಮಚ್ಚು ಹಿಡಿದೇ ನಾಯಕರು ಎಂಟ್ರಿ ಕೊಡುತ್ತಿದ್ದರು. ಅಂಥ ಹೊತ್ತಿನಲ್ಲಿ ಗುಂಡಿಗೆ ಬಿದ್ದು ಬಂದವನು ಈ ಪ್ರೀತಮ್. ಆಮೇಲಿನ ಎರಡೂವರೆ ಗಂಟೆಯಲ್ಲೂ ಅವನು ಒಂದಲ್ಲ ಒಂದು ರೀತಿ ಬೀಳುತ್ತಲೇ ಇರುತ್ತಾನೆ. ಕರ್ನಲ್ ಆಗಿ ಅನಂತನಾಗ್, ಮನೋಮೂರ್ತಿ ಸಂಗೀತ, ‘ಅನಿಸುತಿದೆ’ಯಲ್ಲಿ ಜಯಂತ ಕಾಯ್ಕಿಣಿಯವರ ಸಾಲುಗಳು, ಎಸ್. ಕೃಷ್ಣ ಅವರ ಛಾಯಾಗ್ರಹಣದಲ್ಲಿ ಜೋಗ. ಸಣ್ಣ ಮಕ್ಕಳಿದ್ದರೆ ಮಾತ್ರ ಒಂದು ಸಂಗತಿ ಮೊದಲೇ ತಿಳಿದಿರಲಿ: ದೇವದಾಸ ಮೊಲ ಕೊನೆಯವರೆಗೆ ಬದುಕುವುದಿಲ್ಲ. ಅತ್ತರೆ ಸಮಾಧಾನ ಮಾಡಲು ಯಾರಾದರೂ ಪಕ್ಕದಲ್ಲಿರಿ.

ಯೋಗರಾಜ ಭಟ್ಟರದ್ದೇ ‘ಗಾಳಿಪಟ’ವನ್ನು ತಕ್ಷಣ ಬೆನ್ನಿಗೇ ನೋಡಬೇಡಿ, ಒಂದು ತಿಂಗಳ ಅಂತರ ಕೊಡಿ. ಮೊದಲರ್ಧ ಗೆಳೆಯರ ಹರಟೆಯಲ್ಲಿ ಹಾರಿಕೊಂಡು ಹೋಗುತ್ತದೆ, ಎರಡನೇ ಅರ್ಧದಲ್ಲಿ ದಾರ ಸಡಿಲವಾಗುತ್ತದೆ ಅನ್ನುವುದು ನಮ್ಮ ಅಭಿಪ್ರಾಯ. ಹರಿಕೃಷ್ಣ ಅವರ ಹಾಡುಗಳು ಆ ಸಡಿಲನ್ನು ಬಹಳ ಮಟ್ಟಿಗೆ ಮುಚ್ಚುತ್ತವೆ.

‘ಮುಂಗಾರು ಮಳೆ’ಯ ಮರುವಾರಕ್ಕೆ ನಾವು ಹೇಳುವ ಸಿನಿಮಾ ಬೇರೆ: ‘ದ್ವೀಪ’. ಗಿರೀಶ ಕಾಸರವಳ್ಳಿ, 2002. ನಾ. ಡಿಸೋಜ ಅವರ ಕಾದಂಬರಿ. ಸೌಂದರ್ಯ ತಾವೇ ನಿರ್ಮಿಸಿ ನಟಿಸಿದ ಈ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಬಂತು. ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಇಲ್ಲೂ ಮಳೆಯೇ ಮಳೆ, ಅದೇ ಮಲೆನಾಡು. ಆದರೆ ಆ ಮಳೆ ಅಣೆಕಟ್ಟಿನ ಹಿಂದೆ ನಿಂತು, ಏರಿ, ಮನೆಯ ಮೆಟ್ಟಿಲವರೆಗೆ ಬರುತ್ತದೆ. ಒಂದರಲ್ಲಿ ಮಳೆ ಪ್ರೀತಿ ಹುಟ್ಟಿಸುವುದಕ್ಕೆ ಸುರಿಯುತ್ತದೆ, ಇನ್ನೊಂದರಲ್ಲಿ ಒಂದು ಸಂಸಾರವನ್ನು ಎಬ್ಬಿಸುವುದಕ್ಕೆ. ಎರಡನ್ನೂ ಒಂದೇ ವಾರದ ಅಂತರದಲ್ಲಿ ನೋಡಿದವರಿಗೆ ಆ ದಶಕ ಪೂರ್ತಿ ಸಿಕ್ಕಿತು ಅನ್ನಬಹುದು. ‘ಆರ್ಟ್ ಸಿನಿಮಾ ನಮಗಾಗಲ್ಲ’ ಅನ್ನುವ ಮನೆಗೂ ಇದು ಆಗುತ್ತದೆ, ನೀರು ಏರುತ್ತಿದೆ ಅನ್ನುವುದಕ್ಕಿಂತ ದೊಡ್ಡ ಸಸ್ಪೆನ್ಸ್ ಏನಿದೆ? ಕಾಸರವಳ್ಳಿಯವರ ಇನ್ನೊಂದು ಬೇಕಿದ್ದರೆ ವೈದೇಹಿಯವರ ಕಥೆ ಆಧರಿಸಿದ ‘ಗುಲಾಬಿ ಟಾಕೀಸ್’ ನೋಡಿ. ಸಿನಿಮಾ ಹುಚ್ಚಿನ ಸೂಲಗಿತ್ತಿಯ ಮನೆಗೆ ಡಿಶ್ ಆ್ಯಂಟೆನಾ ಸಮೇತ ಬಣ್ಣದ ಟಿ.ವಿ. ಬರುತ್ತದೆ. ಪಕ್ಕದ ಮನೆಯಲ್ಲಿ ಟಿ.ವಿ. ನೋಡಿ ಬೆಳೆದವರಿಗೆ ಉಮಾಶ್ರೀ ಅವರ ಗುಲಾಬಿಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ.

‘ದುನಿಯಾ’ಕ್ಕೆ ಒಂದು ರಾತ್ರಿ ಪ್ರತ್ಯೇಕ ಇಡಿ. ಸೂರಿ, ವಿಜಯ್, 2007. ಕಲ್ಲು ಒಡೆಯುವವನು ಬೆಂಗಳೂರಿನ ಸುಳಿಗೆ ಸಿಗುವ ಕಥೆ. ಕೊನೆ ಹಗುರಾಗಿಲ್ಲ, ಮುಗಿದ ಮೇಲೆ ತಕ್ಷಣ ನಿದ್ದೆ ಬರುವುದಿಲ್ಲ. ಇದು ಇಷ್ಟವಾದವರು ಅದೇ ವರ್ಷದ ‘ಆ ದಿನಗಳು’ ನೋಡಬಹುದು. ಅದು ಅಗ್ನಿ ಶ್ರೀಧರ್ ಅವರ ಆತ್ಮಕಥನದಿಂದ ಬಂದದ್ದು, ತೋರಿಸುವುದು ಎಂಬತ್ತರ ದಶಕದ ಬೆಂಗಳೂರನ್ನು. ಹಳೇ ಸಿನಿಮಾದೊಳಗೆ ಇನ್ನೂ ಹಳೇ ಊರು. ಹೊಡೆದಾಟ ಕಡಿಮೆ, ಮಾತೇ ಜಾಸ್ತಿ. ಇಳಯರಾಜ ಸಂಗೀತ. ಗಂಡ–ಹೆಂಡತಿ ಇಬ್ಬರೇ ಕೂತು ನೋಡುವುದಾದರೆ ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೃತಧಾರೆ’. ಮಗಳು ಕಾಲೇಜಿಗೆ ಹೋಗುತ್ತಿದ್ದರೆ ‘ಮೊಗ್ಗಿನ ಮನಸು’, ಹುಡುಗಿಯರ ಕಣ್ಣಿನಿಂದಲೇ ಕಾಲೇಜು ತೋರಿಸಿದ ಕಮರ್ಷಿಯಲ್ ಸಿನಿಮಾ ಆಗ ಅಪರೂಪ. ‘ಜೋಗಿ’ ಬಗ್ಗೆ ಕೇಳಿಯೇ ಕೇಳುತ್ತೀರಿ: ಅರುಂಧತಿ ನಾಗ್ ಇರುವ ಪ್ರತಿ ದೃಶ್ಯ ಇವತ್ತಿಗೂ ಗಟ್ಟಿ, ಉಳಿದದ್ದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಈಗ ಪ್ರಿಂಟ್ ವಿಷಯ. ಮನೆಯವರು ಮೊಬೈಲ್ ಹಿಡಿದರು ಅಂದಿರಲ್ಲ, ಅರ್ಧ ತಪ್ಪು ಸಿನಿಮಾದ್ದಲ್ಲ, ಪ್ರಿಂಟಿನದ್ದೇ ಇರಬಹುದು. ಈ ಸಿನಿಮಾಗಳಲ್ಲಿ ಹೆಚ್ಚಿನವು 35 ಎಂಎಂ ಫಿಲ್ಮಿನಲ್ಲಿ ಸಿನಿಮಾಸ್ಕೋಪ್‌ಗೆ ತೆಗೆದವು. ಅಂದರೆ ಎತ್ತರ 1 ಆದರೆ ಅಗಲ 2.35. ಹಳೇ ಡಬ್ಬಾ ಟಿ.ವಿ.ಗೆ ತುಂಬಿಸಲು ಅದನ್ನು 4:3ಕ್ಕೆ ಕತ್ತರಿಸಿದರೆ ಅಗಲದಲ್ಲಿ ಶೇ. 43ರಷ್ಟು ಹೋಗುತ್ತದೆ. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರ ಮೂಗು, ಇನ್ನೊಬ್ಬರ ಕಿವಿ ಮಾತ್ರ ಉಳಿಯುವುದು ಇದರಿಂದಲೇ. ಈಗಿನ 16:9 ಟಿ.ವಿ.ಗೆ ತುಂಬಿಸಿದರೂ ಶೇ. 24ರಷ್ಟು ನಷ್ಟ. ಮೇಲೆ–ಕೆಳಗೆ ಕಪ್ಪು ಪಟ್ಟಿ ಕಂಡರೆ ‘ಸ್ಕ್ರೀನ್ ಪೂರ್ತಿ ಬರ್ತಿಲ್ಲ’ ಅಂತ ಜೂಮ್ ಒತ್ತಬೇಡಿ, ಸರಿಯಾದ ಪ್ರಿಂಟ್ ಇರುವುದೇ ಹಾಗೆ. ನಾಲ್ಕೂ ಕಡೆ ಕಪ್ಪಿದ್ದರೆ ಮಾತ್ರ ಜೂಮ್ ಮಾಡಿ. ಎಲ್ಲರೂ ಸಪೂರವಾಗಿ ಉದ್ದುದ್ದ ಕಂಡರೆ ಚಿತ್ರ ಹಿಂಡಿದೆ ಎಂದರ್ಥ. ಬೈಕಿನ ಚಕ್ರವನ್ನೋ ಹಣೆಯ ಕುಂಕುಮವನ್ನೋ ನೋಡಿ, ದುಂಡಗಿರದೆ ಮೊಟ್ಟೆಯ ಹಾಗಿದ್ದರೆ ಟಿ.ವಿ.ಯ ಪಿಕ್ಚರ್ ಸೈಜ್ ಬದಲಿಸಿ.

ಹಳೇ ಅಪ್‌ಲೋಡ್‌ಗಳಲ್ಲಿ ಎಷ್ಟೋ ವೀಸಿಡಿಯಿಂದ ತೆಗೆದವು. ವೀಸಿಡಿಯ ಚಿತ್ರ 352×288 ಚುಕ್ಕಿ. ಅದನ್ನು 4ಕೆ ಟಿ.ವಿ.ಯ 3840 ಚುಕ್ಕಿ ಅಗಲಕ್ಕೆ ಎಳೆದರೆ ಒಂದು ಚುಕ್ಕಿ ಹನ್ನೊಂದಾಗಬೇಕು. ಅದರಲ್ಲೂ ಮಳೆ ಈ ವಿಡಿಯೋಗಳ ಕಡುವೈರಿ. ಕಂಪ್ರೆಶನ್, ಅಂದರೆ ವಿಡಿಯೋ ಫೈಲನ್ನು ಕುಗ್ಗಿಸುವ ವಿಧಾನ, ಕೆಲಸ ಮಾಡುವುದು ಹಿಂದಿನ ಫ್ರೇಮಿಗೂ ಇದಕ್ಕೂ ಏನು ಬದಲಾಗಿದೆ ಅನ್ನುವುದನ್ನಷ್ಟೇ ಉಳಿಸಿಕೊಂಡು. ಮಳೆಯಲ್ಲಿ ಪ್ರತಿ ಹನಿಯೂ ಪ್ರತಿ ಫ್ರೇಮಿಗೂ ಬದಲಾಗುತ್ತದೆ. ಡೇಟಾ ಸಾಲದೆ ಜೋಗದ ನೀರೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ‘ಮುಂಗಾರು ಮಳೆ’, ‘ದ್ವೀಪ’ ಎರಡಕ್ಕೂ ಸಿಕ್ಕಿದ್ದರಲ್ಲಿ ಒಳ್ಳೆಯ ಪ್ರಿಂಟೇ ಬೇಕು. ಅದಿಲ್ಲದಿದ್ದರೆ ಕಾಯಿರಿ, ಬದಲಿಗೆ ಮನೆಯೊಳಗೇ ಹೆಚ್ಚು ನಡೆಯುವ ‘ಮಿಲನ’ದಂಥದ್ದನ್ನು ಹಾಕಿ.

ಸಿನಿಮಾ ಪೂರ್ತಿ ಇದೆಯೇ, ಕತ್ತರಿಸಿದ್ದಾರೆಯೇ? ಇದಕ್ಕೆ ಒಳ್ಳೆಯ ಉಪಾಯ ಶುರುವಿನಲ್ಲೇ ಬರುವ ಸೆನ್ಸಾರ್ ಸರ್ಟಿಫಿಕೇಟ್. ಅಲ್ಲಿ ವಿಡಿಯೋ ನಿಲ್ಲಿಸಿ ನೋಡಿ. ಫಿಲ್ಮಿನ ಉದ್ದ ಮೀಟರ್‌ನಲ್ಲಿ ಕಾಣಿಸಿದರೆ ಅದನ್ನು 27.4ರಿಂದ ಭಾಗಿಸಿ, ನಿಮಿಷ ಸಿಗುತ್ತದೆ. 35 ಎಂಎಂ ಫಿಲ್ಮು ಒಂದು ನಿಮಿಷಕ್ಕೆ ಓಡುವುದೇ ಅಷ್ಟು ಮೀಟರ್. 4,110 ಮೀಟರ್ ಅಂದರೆ 150 ನಿಮಿಷ. ನಿಮ್ಮ ವಿಡಿಯೋ 144 ನಿಮಿಷ ಇದ್ದರೆ ಗಾಬರಿ ಬೇಡ. ಸೆಕೆಂಡಿಗೆ 24 ಫ್ರೇಮ್ ಇದ್ದದ್ದನ್ನು 25ಕ್ಕೆ ಓಡಿಸಿದ ಪಾಲ್ (ನಮ್ಮ ಹಳೇ ಟಿ.ವಿ.ಗಳ ಪದ್ಧತಿ) ಡಿವಿಡಿಯಿಂದ ಬಂದಿರಬಹುದು, ಹಾಡಿನ ಶ್ರುತಿ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಏರಿರುವುದು ಒಂದೇ ದೋಷ. 125 ನಿಮಿಷ ಇದ್ದರೆ ಮಾತ್ರ ಹಾಡೋ ದೃಶ್ಯವೋ ಹಾರಿಸಿದ್ದಾರೆ, ಬೇರೆ ಹುಡುಕಿ. ಸರ್ಟಿಫಿಕೇಟ್ ಯು, ಯು/ಎ, ಎ ಯಾವುದು ಅನ್ನುವುದನ್ನೂ ಅಲ್ಲೇ ನೋಡಿಕೊಂಡರೆ ಮಕ್ಕಳಿರುವ ಮನೆಯವರಿಗೆ ಇನ್ನೊಂದು ಕೆಲಸ ಮುಗಿಯಿತು.

ಹುಡುಕುವಾಗ ಹೆಸರಿನ ಜೊತೆ ವರ್ಷವನ್ನೂ ಹಾಕಿ. ‘ಯಜಮಾನ’ ಅಂದರೆ 2000ದ ವಿಷ್ಣುವರ್ಧನ್ ಸಿನಿಮಾನೂ ಬರುತ್ತದೆ, 2019ರ ದರ್ಶನ್ ಸಿನಿಮಾನೂ ಬರುತ್ತದೆ. ‘ನಾಗರಹಾವು’ ಅಂತೂ 1972, 2002, 2016 ಹೀಗೆ ಮೂರಿವೆ. ಓಟಿಟಿಗಳಲ್ಲಿ ಹಕ್ಕು ಕೈ ಬದಲಾಗುತ್ತಿರುತ್ತದೆ, ಹೋದ ತಿಂಗಳು ಇದ್ದದ್ದು ಈ ತಿಂಗಳು ಇಲ್ಲದಿರಬಹುದು. ಶನಿವಾರ ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಹುಡುಕಲು ಹೊರಡಬೇಡಿ, ಶುಕ್ರವಾರವೇ ಹತ್ತು ನಿಮಿಷ ಓಡಿಸಿ ನೋಡಿಟ್ಟುಕೊಳ್ಳಿ. ಟಿ.ವಿ.ಯಲ್ಲಿ ಮೋಷನ್ ಸ್ಮೂತಿಂಗ್ (ಚಲನೆಯನ್ನು ಅತಿ ನಯ ಮಾಡುವ ಸೆಟ್ಟಿಂಗ್) ಆಫ್ ಮಾಡಿ, ಇಲ್ಲದಿದ್ದರೆ ಫಿಲ್ಮಿನ ಸಿನಿಮಾ ಸೀರಿಯಲ್ ಥರ ಕಾಣುತ್ತದೆ.

ಕಡೆಯದಾಗಿ ಇಂಟರ್‌ವಲ್. ಇವು ಒಂದೇ ಉಸಿರಿಗೆ ನೋಡಲೆಂದು ಬರೆದ ಕಥೆಗಳಲ್ಲ. ಎಪ್ಪತ್ತರಿಂದ ಎಂಬತ್ತನೇ ನಿಮಿಷದ ಹೊತ್ತಿಗೆ ಒಂದು ತಿರುವು ಕೊಟ್ಟು, ಜನ ಹೊರಗೆ ಹೋಗಿ ಕಾಫಿ ಕುಡಿದು ಅದನ್ನೇ ಮಾತಾಡಿಕೊಂಡು ಬರಲಿ ಅಂತ ಲೆಕ್ಕ ಹಾಕಿ ಕಟ್ಟಿದವು. ಎರಡನೇ ಅರ್ಧದ ಮೊದಲ ಹತ್ತು ನಿಮಿಷ ನಿಧಾನವಾಗಿರುವುದೂ ತಡವಾಗಿ ಒಳಗೆ ಬರುವವರಿಗಾಗಿಯೇ. ಅಪ್‌ಲೋಡ್‌ಗಳಲ್ಲಿ ‘ವಿರಾಮ’ ಎಂಬ ಕಾರ್ಡ್ ಕತ್ತರಿಸಿರುತ್ತಾರೆ, ತಿರುವು ಬಂದ ಕೂಡಲೇ ಕಥೆ ಮುಗ್ಗರಿಸಿದ ಹಾಗೆ ಅನ್ನಿಸುತ್ತದೆ, ಕೈ ಮೊಬೈಲಿನ ಕಡೆ ಹೋಗುವುದೂ ಬಹಳ ಸಲ ಅಲ್ಲೇ. ಆ ಜಾಗ ಬಂದಾಗ ನೀವೇ ನಿಲ್ಲಿಸಿ, ಲೈಟ್ ಹಾಕಿ, ಹತ್ತು ನಿಮಿಷ ಎಲ್ಲರೂ ಎದ್ದು ಓಡಾಡಿ ಬಂದು ಕೂರಿ.